ಹಳೆಯ ಲೇಸರ್ ಟ್ಯೂಬ್ ಮತ್ತೆ ಬೆಳಗೀತೇ?

ಕಾಲೇಜಿನ ಹೀಲಿಯಂ-ನಿಯಾನ್ ಲೇಸರ್ ಗುಜರಿ ಪಾಲಾಗದಂತೆ ಉಳಿಸಿಕೊಂಡಿದ್ದೀರಿ, ಬಹಳ ಸಂತೋಷ. ಕರೆಂಟ್ ಕೊಡುವ ಮೊದಲು ಗಾಜಿನ ಒಳಮೈಯಲ್ಲಿ ಗೆಟರ್ ಕಲೆ, ಅಂದರೆ ಬೇಡದ ಅನಿಲ ಹೀರುವ ಲೋಹದ ಲೇಪ, ಇದೆಯೇ ನೋಡಿ. ಅದು ಫಳಫಳ ಹೊಳೆಯುತ್ತಿದ್ದರೆ ಆಸೆ ಇಟ್ಟುಕೊಳ್ಳಬಹುದು. ಸುಣ್ಣ ಬಳಿದಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬ್ ಇನ್ನು ಕಪಾಟಿನ ಅಲಂಕಾರಕ್ಕೆ.

ಕಲೆ ಹೊಳೆಯುತ್ತಿದ್ದೂ ಕಿರಣ ಬಾರದಿದ್ದರೆ ಹೀಲಿಯಂ ಸೋರಿಹೋಗಿರಬಹುದು. ಎಪಾಕ್ಸಿ ಅಂಟು ಹಾಕಿದ ಹಳೆಯ ಟ್ಯೂಬ್‌ಗಳ ಮಾಮೂಲಿ ಕಾಯಿಲೆಯಿದು. ಶುದ್ಧ ಹೀಲಿಯಂ ತುಂಬಿದ ಚೀಲದಲ್ಲಿ ಕೆಲವು ದಿನ ಇಟ್ಟರೆ ಅನಿಲ ತಾನಾಗಿ ಒಳಸೇರುತ್ತದೆ. ಆಗಾಗ ತೆಗೆದು ಪರೀಕ್ಷಿಸಿ, ಅತಿಯಾದರೂ ಲೇಸರ್ ಬೆಳಗದು.

ಹೊತ್ತಿಸಲು ಹಲವು ಸಾವಿರ ವೋಲ್ಟ್ ಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ದಯವಿಟ್ಟು ಒಬ್ಬರೇ ಇದ್ದಾಗ ಕೈಹಾಕಬೇಡಿ. 632.8 ನ್ಯಾನೋಮೀಟರ್‌ನ ಆ ಕೆಂಪು ಚುಕ್ಕೆ ಗೋಡೆಯ ಮೇಲೆ ಮೂಡಿದರೆ ನನಗೂ ತಿಳಿಸಿ.