ಸುದ್ದಿಯೂ ‘ಅಂತೆ’ಯೂ

ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಒಂದು ಚಿಕ್ಕ ಮಾತಿದೆ. ‘ಮಳೆ ಬಂತು’ ಎಂದರೆ ಮಳೆ ಬಂದುದನ್ನು ಹೇಳುವವನೇ ಬಲ್ಲನೆಂದು ಅರ್ಥ. ‘ಮಳೆ ಬಂತಂತೆ’ ಎಂದರೆ ಅದನ್ನು ಅವನು ಬೇರೊಬ್ಬರ ಬಾಯಿಂದ ಕೇಳಿದ್ದಾನೆ, ಅದರ ಹೊಣೆಯನ್ನು ಪೂರ್ತಿಯಾಗಿ ಹೊರಲಾರನೆಂದು ಅರ್ಥ. ಮರಾಠಿಯಲ್ಲಿ ‘ಮ್ಹಣೇ’ ಎಂಬ ಮಾತು ಇದೇ ಕೆಲಸವನ್ನು ಮಾಡುವುದು ಮುಂಬಯಿಯ ಮಕ್ಕಳಾದ ನಿಮಗೆಲ್ಲ ಗೊತ್ತು. ‘ಅಂತೆಕಂತೆಗಳ ಸಂತೆ’ ಎಂದು ಹಿರಿಯರು ಇದನ್ನು ಹಾಸ್ಯ ಮಾಡಿರುವುದುಂಟು. ಆದರೆ ನಮ್ಮ ಅಭಿಪ್ರಾಯದಲ್ಲಿ ‘ಅಂತೆ’ಯೆಂದು ಹೇಳುವವನು ಸುಳ್ಳುಗಾರನಲ್ಲ, ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರ್ಪಡಿಸಿ ಹೇಳುವ ಪ್ರಾಮಾಣಿಕನು. ಕೇಳಿದ್ದನ್ನು ಕಂಡಂತೆ ಹೇಳುವವನ ವಿಷಯದಲ್ಲಿಯೇ ನಾವು ಎಚ್ಚರದಿಂದಿರಬೇಕು.

ವೃತ್ತಪತ್ರಿಕೆಗಳ ಬರವಣಿಗೆಯಲ್ಲಿ ಈ ‘ಅಂತೆ’ಗೆ ಸ್ಥಾನವಿಲ್ಲ. ಅದರ ಬದಲು ಅಲ್ಲಿ ‘ತಿಳಿದುಬಂದಿದೆ’, ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಎಂಬ ಗಂಭೀರವಾದ ಮಾತುಗಳು ಬರುತ್ತವೆ. ಯಾರಿಗೆ ತಿಳಿದುಬಂದಿತು, ಯಾರು ಎಂದರು, ಯಾವ ಮೂಲ ಎಂಬುದನ್ನು ಈ ಪ್ರಯೋಗಗಳು ಹೇಳುವುದಿಲ್ಲ. ‘ಅಂತೆ’ಗೆ ಪಂಚೆ ಉಡಿಸಿ, ಶಲ್ಯ ಹೊದಿಸಿ ಸಭೆಯಲ್ಲಿ ಕೂರಿಸಿದ ಹಾಗೆ ತೋರುತ್ತದೆ. ಆದರೂ ಅವು ಇದ್ದರೆ ವಾಚಕನಿಗೆ ಒಂದು ಸೂಚನೆಯಾದರೂ ದೊರೆಯುತ್ತದೆ. ದೂರದರ್ಶನದ ವಾಹಿನಿಗಳಲ್ಲಿಯೂ ಮೊಬೈಲಿನ ಸಂದೇಶಗಳಲ್ಲಿಯೂ ಅಷ್ಟೂ ಉಳಿಯುವುದಿಲ್ಲ. 1843ರಲ್ಲಿ ಮಂಗಳೂರಿನಿಂದ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಪಾಕ್ಷಿಕವಾಗಿತ್ತು. ಹದಿನೈದು ದಿನಗಳಲ್ಲಿ ಎಷ್ಟೋ ಸುಳ್ಳುಗಳು ತಾವಾಗಿಯೇ ಸಾಯುತ್ತವೆ. ಹದಿನೈದು ಕ್ಷಣಗಳಲ್ಲಿ ಯಾವ ಸುಳ್ಳೂ ಸಾಯಲಾರದು.

ಇದು ಬರಿಯ ವ್ಯಾಕರಣದ ಮಾತಲ್ಲ. ನಮ್ಮ ವಿಲೆ ಪಾರ್ಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ನೋಡೋಣ.

2008ನೆಯ ಇಸವಿ ನವೆಂಬರ್ 26ರ ರಾತ್ರಿ, ಹನ್ನೊಂದು ಗಂಟೆಗೆ ಸ್ವಲ್ಪ ಮುಂಚೆ, ಇಲ್ಲಿನ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೋಗುತ್ತಿದ್ದ ಒಂದು ಟ್ಯಾಕ್ಸಿಯು ಸಿಡಿದು ಚೂರಾಯಿತು. ಅದರ ಚಾಲಕನೂ ಒಳಗಿದ್ದ ಪ್ರಯಾಣಿಕನೂ ಮಡಿದರು. ಅದೇ ಹೊತ್ತಿಗೆ ದಕ್ಷಿಣ ಮುಂಬಯಿಯ ಲಿಯೋಪೋಲ್ಡ್ ಕೆಫೆಯಲ್ಲಿಯೂ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿಯೂ ಗುಂಡಿನ ದಾಳಿ ನಡೆದ ವಾರ್ತೆ ಬರುತ್ತಿತ್ತು. ಮೊದಮೊದಲು ಇದು ಗೂಂಡಾ ಗುಂಪುಗಳ ಪರಸ್ಪರ ಕಾದಾಟವೆಂಬ ಸುದ್ದಿಯೇ ಹಬ್ಬಿತು. ಬಳಿಕ ವಾಡಿ ಬಂದರಿನಲ್ಲಿ ಇನ್ನೊಂದು ಟ್ಯಾಕ್ಸಿ ಸಿಡಿಯಿತು, ಪಾರ್ಲೆಯಲ್ಲಿ ಮತ್ತೊಂದು ಸಿಡಿಯಿತು ಎಂಬ ವಾರ್ತೆಗಳು ಒಂದರ ಹಿಂದೊಂದು ಬಂದಾಗ, ಕೊಲೆಗಡುಕರು ಉಪನಗರಗಳಿಗೂ ನುಗ್ಗಿದ್ದಾರೆಂದು ಜನರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ನಿಜಸಂಗತಿ ಏನು? ಬಂದವರು ಒಟ್ಟು ಹತ್ತು ಮಂದಿ. ಅವರಲ್ಲಿ ಒಬ್ಬನೂ ಪಾರ್ಲೆಗೆ ಬರಲಿಲ್ಲ. ಸಮುದ್ರಮಾರ್ಗದಿಂದ ಬಂದಿಳಿದ ಮೇಲೆ ಅವರಲ್ಲಿ ಇಬ್ಬರು ಒಂದು ಟ್ಯಾಕ್ಸಿ ಹಿಡಿದು ಟರ್ಮಿನಸ್ಸಿಗೆ ಹೋದರು; ಇಳಿಯುವಾಗ ಕಾಲದ ಗೊತ್ತುಪಡಿಸಿದ ಸ್ಫೋಟಕವೊಂದನ್ನು ಅದರಲ್ಲಿಯೇ ಬಿಟ್ಟರು. ಏನೂ ಅರಿಯದ ಚಾಲಕನು ಬೇರೊಬ್ಬ ಪ್ರಯಾಣಿಕನನ್ನು ಹತ್ತಿಸಿಕೊಂಡು ಸುಮಾರು 20 ಕಿಲೋಮೀಟರು ದೂರದ ಪಾರ್ಲೆಯವರೆಗೆ ಬಂದನು. ಅದು ಇಲ್ಲಿ ಸಿಡಿದಾಗ ಅದನ್ನಿಟ್ಟವರು ಇನ್ನೂ ದಕ್ಷಿಣ ಮುಂಬಯಿಯಲ್ಲಿಯೇ ಇದ್ದರು. ಪಾರ್ಲೆಯಲ್ಲಿ ಸ್ಫೋಟವಾಯಿತೆಂಬುದು ಅಕ್ಷರಶಃ ನಿಜ. ಪಾರ್ಲೆಗೆ ಹಂತಕರು ಬಂದಿದ್ದಾರೆಂಬುದು ಆ ನಿಜಕ್ಕೆ ಕೇಳುವವರ ಮನಸ್ಸು ತಾನಾಗಿ ಸೇರಿಸುವ ಬಾಲ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಗಮನಿಸಬೇಕು. ಸುದ್ದಿಯಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಅನೇಕ ವೇಳೆ ಶುದ್ಧ ಸುಳ್ಳಲ್ಲ. ಬಾಲ ಅಂಟಿಸಿದ ಅಥವಾ ಬಾಲ ಕತ್ತರಿಸಿದ ನಿಜ.

ಆ ದಾಳಿಯು ನವೆಂಬರ್ 29ರ ಬೆಳಗಿನವರೆಗೆ ನಡೆಯಿತು. 166 ಮಂದಿ ಪ್ರಾಣ ಕಳೆದುಕೊಂಡರು. ಅಷ್ಟೂ ಹೊತ್ತು ವಾಹಿನಿಗಳ ಕ್ಯಾಮೆರಾಗಳು ತಾಜ್ ಮತ್ತು ಒಬೆರಾಯ್ ಹೋಟೆಲುಗಳ ಮುಂದೆಯೂ ನರೀಮನ್ ಹೌಸಿನ ಸುತ್ತಲೂ ನಿಂತಿದ್ದವು. 28ರ ಬೆಳಗ್ಗೆ ನರೀಮನ್ ಹೌಸಿನ ಮಾಳಿಗೆಯ ಮೇಲೆ ಕಮಾಂಡೋಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವುದನ್ನು ದೇಶವೆಲ್ಲ ಉಸಿರು ಬಿಗಿಹಿಡಿದು ನೋಡಿತು. ಅದೇ ದಿನ ಟರ್ಮಿನಸ್ಸಿನಲ್ಲಿ ಮತ್ತೆ ಗುಂಡು ಹಾರಿತೆಂಬ ಸುದ್ದಿ ಹರಡಿ ಜನರು ದಿಕ್ಕೆಟ್ಟು ಓಡಿದರು. ಅದು ಬರಿಯ ವದಂತಿಯಾಗಿತ್ತು. ದೇಶ ನೋಡುತ್ತಿದ್ದ ದೃಶ್ಯವನ್ನು ಇನ್ನೂ ಕೆಲವರು ನೋಡುತ್ತಿದ್ದರು. ಹಂತಕರನ್ನು ಕಳುಹಿಸಿದವರು ಪಾಕಿಸ್ತಾನದಲ್ಲಿ ಟಿವಿಯ ಮುಂದೆ ಕುಳಿತು, ಪರದೆಯ ಮೇಲೆ ಕಂಡದ್ದನ್ನು ಫೋನಿನ ಮೂಲಕ ಇಲ್ಲಿದ್ದವರಿಗೆ ಹೇಳುತ್ತಿದ್ದರು. ಆ ಸಂಭಾಷಣೆಗಳನ್ನು ನಮ್ಮ ಅಧಿಕಾರಿಗಳು ಕದ್ದಾಲಿಸಿ ದಾಖಲಿಸಿಕೊಂಡಿದ್ದರಿಂದ ಈ ವಿಷಯ ಹೊರಬಂದಿತು.

2012ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯವು ಈ ಮೊಕದ್ದಮೆಯ ತೀರ್ಪನ್ನು ಕೊಡುವಾಗ ವಾಹಿನಿಗಳ ನಡತೆಯನ್ನು ಕಠಿಣವಾಗಿ ಟೀಕಿಸಿತು. ಈ ಪ್ರಸಾರದಿಂದ ಯೋಧರಿಗೆ ನಿಶ್ಚಿತವಾಗಿ ಹಾನಿಯಾಯಿತೆಂದು ಹೇಳುವುದು ಸಾಧ್ಯವಿಲ್ಲ, ಆದರೆ ಅವರ ಕೆಲಸ ಹೆಚ್ಚು ಕಷ್ಟಕರವೂ ಅಪಾಯಕರವೂ ಆಯಿತೆಂಬುದರಲ್ಲಿ ಸಂಶಯವಿಲ್ಲ ಎಂದು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ನ್ಯಾಯಾಲಯದ ಈ ಮಾತಿನಲ್ಲಿಯೇ ಒಂದು ಪಾಠವಿದೆ. ತಮಗೆ ಎಷ್ಟು ಗೊತ್ತೋ ಅಷ್ಟಕ್ಕೇ ಅವರು ನಿಂತರು, ಬಾಲ ಸೇರಿಸಲಿಲ್ಲ. ಕಾರ್ಯಾಚರಣೆ ಮುಗಿದ ಮೇಲೆ ಆ ದೃಶ್ಯಗಳನ್ನು ತೋರಿಸಬಹುದಾಗಿತ್ತು, ಆದರೆ ಆಗ ಪ್ರೇಕ್ಷಕರ ಸಂಖ್ಯೆ ಅಷ್ಟು ಏರುತ್ತಿರಲಿಲ್ಲ ಎಂದೂ ಅವರು ಹೇಳಿದರು. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಇನ್ನೊಬ್ಬನ ಪ್ರಾಣವನ್ನು ಅಪಾಯಕ್ಕೊಡ್ಡುವುದು ಸಲ್ಲದೆಂಬುದು ಅವರ ನಿರ್ಣಯ. 2015ರ ಮಾರ್ಚಿನಲ್ಲಿ ಕೇಬಲ್ ಟಿವಿಯ ನಿಯಮಗಳಿಗೆ ತಿದ್ದುಪಡಿಯಾಗಿ, ಇಂಥ ಕಾರ್ಯಾಚರಣೆಗಳ ನೇರಪ್ರಸಾರವು ನಿಷೇಧಕ್ಕೊಳಗಾಯಿತು. ಗೊತ್ತುಮಾಡಿದ ಅಧಿಕಾರಿಯು ಆಗಾಗ ಕೊಡುವ ವಿವರಗಳಿಗಷ್ಟೇ ವಾಹಿನಿಗಳು ಸೀಮಿತವಾಗಿರಬೇಕೆಂದು ವಿಧಿಸಲಾಯಿತು.

ನಿಯಮ ಸರಿಯೆಂದೇ ನಮಗೆ ತೋರುತ್ತದೆ. ಆದರೆ ಅಲ್ಲಿಗೆ ವಾದ ಮುಗಿಯುವುದಿಲ್ಲ. ಅಧಿಕಾರಿಯೊಬ್ಬನ ಬಾಯಿಂದಲೇ ಎಲ್ಲ ಸುದ್ದಿಯೂ ಬರಬೇಕೆಂದರೆ, ಆ ಅಧಿಕಾರಿಯೇ ತಪ್ಪಿದಾಗ ಹೇಳುವವರು ಯಾರು? ಹಿಂದೊಮ್ಮೆ ಈ ದೇಶವು ಅದರ ರುಚಿಯನ್ನು ಕಂಡಿದೆ. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳ ಮೇಲೆ ಸೆನ್ಸಾರು ಕುಳಿತಾಗ, ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ಮರಣವಾರ್ತೆಗಳ ಅಂಕಣದಲ್ಲಿ ಒಂದು ವಿಚಿತ್ರ ಜಾಹೀರಾತು ಅಚ್ಚಾಯಿತು. ಜೂನ್ 26ರಂದು ತೀರಿಕೊಂಡನೆಂದು ಅದರಲ್ಲಿ ಹೇಳಿದ್ದ ಮನುಷ್ಯನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಡೆಮಾಕ್ರಸಿ’ ಎಂದಾಗುತ್ತಿತ್ತು. ಅವನ ಹೆಂಡತಿಯ ಹೆಸರು ಸತ್ಯ, ಮಗನ ಹೆಸರು ಸ್ವಾತಂತ್ರ್ಯ! ಸೆನ್ಸಾರಿನವರು ಸಂಪಾದಕೀಯವನ್ನು ಓದುತ್ತಿದ್ದರೇ ಹೊರತು ಮರಣವಾರ್ತೆಯನ್ನು ಅಷ್ಟು ಜಾಗರೂಕತೆಯಿಂದ ಓದಲಿಲ್ಲ. ಓದಬಲ್ಲ ವಾಚಕರು ಮಾತ್ರ ಓದಿಕೊಂಡರು.

ಸುಳ್ಳನ್ನು ಗೊತ್ತುಮಾಡುವ ಅಧಿಕಾರ ಯಾರಿಗಿರಬೇಕೆಂಬ ಪ್ರಶ್ನೆಯು ನಮ್ಮ ಕಾಲದಲ್ಲಿಯೂ ಮುಂಬಯಿಯಲ್ಲೇ ಎದ್ದಿತು. ತನ್ನ ಕಾರ್ಯಗಳ ವಿಷಯವಾಗಿ ಅಂತರ್ಜಾಲದಲ್ಲಿ ಬರುವ ಬರಹಗಳಲ್ಲಿ ಯಾವುದು ಸುಳ್ಳೆಂದು ಗುರುತಿಸಲು ತನ್ನದೇ ಒಂದು ಘಟಕವನ್ನು ನೇಮಿಸುವ ನಿಯಮವನ್ನು ಕೇಂದ್ರ ಸರ್ಕಾರವು 2023ರ ಏಪ್ರಿಲಿನಲ್ಲಿ ಮಾಡಿತು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲಾಯಿತು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯವಿತ್ತರು. ಸೆಪ್ಟೆಂಬರಿನಲ್ಲಿ ಮೂರನೆಯವರ ಅಭಿಪ್ರಾಯ ಬಂದ ಮೇಲೆ ಆ ನಿಯಮವು ಬಿದ್ದುಹೋಯಿತು. ಕಕ್ಷಿಗಾರನೇ ನ್ಯಾಯಾಧೀಶನಾಗಬಾರದೆಂಬ ಹಳೆಯ ಮಾತು ಇಲ್ಲಿಯೂ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ. ಈ ವಿಷಯದಲ್ಲಿ ನ್ಯಾಯಮೂರ್ತಿಗಳೇ ಭಿನ್ನರಾದ ಮೇಲೆ ನಮ್ಮ ಓದುಗರೂ ಭಿನ್ನರಾದರೆ ತಪ್ಪೇನಿಲ್ಲ.

ಪಾರ್ಲೆಯಿಂದ ಚರ್ಚ್‌ಗೇಟಿನ ಕಡೆಗೆ ಸಾಂತಾಕ್ರೂಜ್, ಖಾರ್ ದಾಟಿದರೆ ಮೂರನೆಯದೇ ಬಾಂದ್ರಾ ಸ್ಟೇಶನ್ನು. ಬಾಲ ಅಂಟಿಸಿದ ನಿಜಕ್ಕೆ ಅಲ್ಲಿಯೂ ಒಂದು ನಿದರ್ಶನ ದೊರೆಯುತ್ತದೆ. ಕೊರೋನಾ ವ್ಯಾಧಿಯ ಕಾಲದಲ್ಲಿ, 2020ರ ಏಪ್ರಿಲ್ 14ರಂದು, ದೇಶದ ದಿಗ್ಬಂಧನವು ಮೇ 3ರವರೆಗೆ ಮುಂದುವರಿಯುವುದೆಂದು ಪ್ರಧಾನಮಂತ್ರಿಗಳು ಬೆಳಗ್ಗೆ ಸಾರಿದರು. ಅದೇ ದಿನ ಮಧ್ಯಾಹ್ನ ಸಾವಿರಾರು ಕೂಲಿಕಾರರು ಊರಿಗೆ ಹೋಗುವ ಆಸೆಯಿಂದ ಬಾಂದ್ರಾ ಸ್ಟೇಶನ್ನಿನ ಹತ್ತಿರ ಬಂದು ನೆರೆದರು. ರೈಲುಗಳಿರಲಿಲ್ಲ, ಪೊಲೀಸರ ಲಾಠಿಗಳಿದ್ದವು. ವಲಸೆ ಹೋದವರಿಗಾಗಿ ವಿಶೇಷ ರೈಲುಗಳನ್ನು ಬಿಡುವ ಯೋಚನೆಯಿದೆಯೆಂದು ದಕ್ಷಿಣ ಮಧ್ಯ ರೈಲ್ವೆಯ ಆಂತರಿಕ ಪತ್ರವೊಂದನ್ನು ಆಧಾರವಾಗಿಟ್ಟುಕೊಂಡು ಮರಾಠಿ ವಾಹಿನಿಯೊಂದು ಸುದ್ದಿ ಬಿತ್ತರಿಸಿತ್ತು. ಆ ವರದಿಗಾರನನ್ನು ಮರುದಿನ ಬಂಧಿಸಿದರು. ಅದರ ಮರುದಿನ ಅವನಿಗೆ ಜಾಮೀನು ದೊರೆಯಿತು.

ಪತ್ರವು ನಕಲಿಯಾಗಿರಲಿಲ್ಲ. ಯೋಚನೆಯೂ ಇದ್ದಿತು. ‘ಯೋಚಿಸುತ್ತಿದ್ದಾರೆ’ ಎಂಬುದು ಹಸಿದವನ ಕಿವಿಯನ್ನು ತಲಪುವ ಹೊತ್ತಿಗೆ ‘ಬಿಡುತ್ತಾರೆ’ ಎಂದಾಗಿ, ಕೊನೆಗೆ ‘ಇಂದೇ ಬಿಡುತ್ತಾರೆ’ ಎಂದಾಗುವುದಕ್ಕೆ ಎಷ್ಟು ಹೊತ್ತು? ಆದರೆ ಅಷ್ಟು ಜನ ಅಲ್ಲಿ ಸೇರಿದ್ದಕ್ಕೆ ಒಂದು ವಾರ್ತೆಯೇ ಕಾರಣವೆನ್ನುವುದು ನಮಗೆ ಒಪ್ಪಿಗೆಯಿಲ್ಲ. ಕೆಲಸವಿಲ್ಲದೆ, ಕೂಲಿಯಿಲ್ಲದೆ, ಒಂದೊಂದು ಖೋಲಿಯಲ್ಲಿ ಹಲವರು ಮೂರು ವಾರ ಕುಳಿತಿದ್ದವರಿಗೆ ಊರಿನ ಹೆಸರು ಕೇಳಿದರೆ ಸಾಕಾಗಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮೇ 1ರಿಂದ ಶ್ರಮಿಕ್ ರೈಲುಗಳು ನಿಜವಾಗಿಯೂ ಹೊರಟವು. ಎರಡು ವಾರ ತಡವಾಗಿದ್ದರೆ ಆ ಸುದ್ದಿಯೇ ಸರಿಯಾಗುತ್ತಿತ್ತು!

ಬಾಲ ಕತ್ತರಿಸಿದ ನಿಜದ ಕಥೆ ಇದಕ್ಕಿಂತಲೂ ದಾರುಣವಾದುದು. 2018ರಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವೊಂದು ವಾಟ್ಸಾಪಿನಲ್ಲಿ ಊರೂರು ಸುತ್ತಿತು. ಅದು ಕರಾಚಿಯ ಒಂದು ಸೇವಾಸಂಸ್ಥೆಯು ಮಕ್ಕಳ ರಕ್ಷಣೆಯ ಬಗ್ಗೆ ತಂದೆತಾಯಿಗಳನ್ನು ಎಚ್ಚರಿಸಲು ಮಾಡಿಸಿದ್ದ ಕಿರುಚಿತ್ರ. ಮೂಲದಲ್ಲಿ ಆ ಇಬ್ಬರೂ ಹಿಂದಿರುಗಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ಭಯವು ಆ ಬೇಸಗೆಯಲ್ಲಿ ದೇಶದ ಅನೇಕ ಕಡೆ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನರು ಒಬ್ಬನನ್ನು ಹೊಡೆದು ಕೊಂದರು. ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಮಂದಿಯ ಹತ್ಯೆಯಾಯಿತು. ಜುಲೈ 13ರಂದು ಬೀದರ ಜಿಲ್ಲೆ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರನೊಬ್ಬನು ಜನರ ಕೈಯಲ್ಲಿ ಸತ್ತನು. ಅವನೂ ಅವನ ಜೊತೆಗಾರರೂ ಮಾಡಿದ ‘ಅಪರಾಧ’ವೆಂದರೆ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ಅವರ ಕಾರು ಮುಂದಿನ ಊರನ್ನು ಮುಟ್ಟುವ ಮೊದಲೇ ಅದರ ಚಿತ್ರ ಮುಟ್ಟಿತ್ತು. ಜನರು ರಸ್ತೆಗೆ ಅಡ್ಡಗಟ್ಟಿ ಕಾಯುತ್ತಿದ್ದರು. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಕಟ್ಟುಮಾಡಿದರು.

ಇಲ್ಲಿ ಪತ್ರಿಕೆಯಿಲ್ಲ, ವಾಹಿನಿಯಿಲ್ಲ, ಸಂಪಾದಕನಿಲ್ಲ. ಸುದ್ದಿಯನ್ನು ಓದಿದವನೇ ಅದನ್ನು ಪ್ರಕಟಿಸಿದವನೂ ಆದನು. ನ್ಯಾಯಾಲಯವು ವಾಹಿನಿಗಳನ್ನು ಕೇಳಿದ ಪ್ರಶ್ನೆಯನ್ನು ಇಲ್ಲಿ ಯಾರನ್ನು ಕೇಳಬೇಕು? ಪತ್ರಿಕಾ ಸ್ವಾತಂತ್ರ್ಯವನ್ನು ಕುರಿತು ನಾವು ಶಾಲೆಯ ಚರ್ಚಾಕೂಟದಲ್ಲಿ ಆಡುವ ಮಾತುಗಳೆಲ್ಲ ಕೇವಲ ಪತ್ರಕರ್ತರನ್ನೇ ಉದ್ದೇಶಿಸಿರುತ್ತವೆ. ಮೊಬೈಲು ಹಿಡಿದ ಪ್ರತಿಯೊಬ್ಬನೂ ಒಂದು ಮುದ್ರಣಾಲಯವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುವಾಗ ಆ ಮಾತುಗಳು ಅರ್ಧಕ್ಕೇ ನಿಲ್ಲುತ್ತವೆ.

ಈ ವರ್ಷ ಕನ್ನಡದ ಪಾಠದಲ್ಲಿ ನಾವು ಒಂದು ಅಭ್ಯಾಸವನ್ನು ಮಾಡಿಸಿದೆವು. ಒಂದು ದಿನದ ಪತ್ರಿಕೆಯ ಮುಖಪುಟವನ್ನು ತೆಗೆದುಕೊಳ್ಳುವುದು, ವರದಿಗಾರನು ತಾನೇ ಕಂಡ ಸಂಗತಿಗಳನ್ನು ಹಾಗೆಯೇ ಬಿಟ್ಟು, ಉಳಿದ ಪ್ರತಿಯೊಂದು ಕ್ರಿಯಾಪದಕ್ಕೂ ‘ಅಂತೆ’ಯನ್ನು ಹಚ್ಚಿ ಓದುವುದು, ‘ತಿಳಿದುಬಂದಿದೆ’ ಎಂದಿರುವಲ್ಲಿ ಯಾರಿಂದ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯುವುದು, ಉತ್ತರ ಸಿಗದಿದ್ದರೆ ಖಾಲಿ ಬಿಡುವುದು. ಮುಖಪುಟದ ಮುಕ್ಕಾಲು ಭಾಗವು ‘ಅಂತೆ’ಯಿಂದ ತುಂಬಿಹೋದಾಗ ತರಗತಿಯಲ್ಲಿ ನಗೆಯೋ ನಗೆ. ಅಪಘಾತದ ಒಂದು ವಾರ್ತೆಯ ಬಳಿ ಮಾತ್ರ ನಗೆ ನಿಂತಿತು. ಅಲ್ಲಿ ಯಾವುದೂ ‘ಅಂತೆ’ಯಾಗಿರಲಿಲ್ಲ.

ಅನಂತರ ಈ ಲೇಖನದ ಕರಡನ್ನು ಅದೇ ಮಕ್ಕಳಿಗೆ ಓದಿ ಹೇಳಿದೆವು. ಒಬ್ಬಳು ಹುಡುಗಿ ಎದ್ದುನಿಂತು, “ಸರ್, ಹೆದ್ದಾರಿಯಲ್ಲಿ ಟ್ಯಾಕ್ಸಿ ಸಿಡಿಯಿತು ಅಂತ ಬರೆದಿದ್ದೀರಿ. ನೀವು ನೋಡಿದ್ದಿರಾ?” ಎಂದು ಕೇಳಿದಳು. ನೋಡಿರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳಿ, ಎದುರುಪಕ್ಷದ ವಕೀಲರು ಪಾಟೀಸವಾಲು ಮಾಡಿ, ಮೂರು ಮೆಟ್ಟಿಲುಗಳ ನ್ಯಾಯಾಲಯಗಳು ಒಪ್ಪಿದ ಮಾತಾದುದರಿಂದ ಅಲ್ಲಿ ‘ಅಂತೆ’ಯನ್ನು ಬಿಟ್ಟೆವೆಂದು ಹೇಳಿದೆವು. ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ಇರಲಿ ಸರ್” ಎಂದು ಕುಳಿತುಕೊಂಡಳು.