ಸಹಾಯವಾಣಿಯೂ ಊರಿನ ಸೇವಾಸಂಸ್ಥೆಗಳೂ

ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಮನುಷ್ಯನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದಿದವರು ಮರೆತಿರಲಾರರು. ಯಾಜಕನೂ ಲೇವಿಯನೂ ನೋಡಿಯೂ ನೋಡದಂತೆ ಹೋದದ್ದು, ಸಮಾರ್ಯದವನು ಕನಿಕರಪಟ್ಟು ಗಾಯಗಳನ್ನು ಕಟ್ಟಿದ್ದು, ಇವೆಲ್ಲಾ ಎಳೆಯ ಮಕ್ಕಳಿಗೂ ಬಾಯಿಪಾಠವಾಗಿರುತ್ತವೆ. ಆದರೆ ಆ ಸಾಮ್ಯದ ಕೊನೆಯಲ್ಲಿ ಬರುವ ಛತ್ರದವನನ್ನು ಕುರಿತು ಯಾರೂ ಹೆಚ್ಚಾಗಿ ಪ್ರಸಂಗಿಸುವುದಿಲ್ಲ. ಸಮಾರ್ಯದವನಾದರೋ ಮರುದಿನವೇ ತನ್ನ ಪ್ರಯಾಣವನ್ನು ಮುಂದುವರಿಸಿದನು. ರೋಗಿಯ ಹಾಸಿಗೆಯ ಬಳಿಯಲ್ಲಿ ಉಳಿದವನು ಛತ್ರದವನೇ. ಸಮಾರ್ಯದವನು ಯೋಗ್ಯವಾದ ಸ್ಥಳಕ್ಕೆ ಆ ಮನುಷ್ಯನನ್ನು ತಾನೇ ಕರೆದುಕೊಂಡು ಹೋದನು, ವೆಚ್ಚಕ್ಕೆಂದು ಎರಡು ನಾಣ್ಯಗಳನ್ನು ಕೊಟ್ಟನು, ಹಿಂದಿರುಗಿ ಬರುವಾಗ ಉಳಿದ ಲೆಕ್ಕವನ್ನು ತೀರಿಸುವೆನೆಂದು ಮಾತು ಕೊಟ್ಟನು. ಈ ಕಾಲದಲ್ಲಿ ಸಹಾಯವಾಣಿಯೆಂದು ಕರೆಯಲ್ಪಡುವ ಸೇವೆಯ ಕ್ರಮವೆಲ್ಲವೂ ಇಷ್ಟರಲ್ಲಿ ಅಡಗಿದೆ ಎಂದು ನಾನು ಎಣಿಸುತ್ತೇನೆ.

ಸಹಾಯವಾಣಿಗಳಲ್ಲಿ ಎರಡು ಬಗೆಗಳುಂಟು. ಒಂದು, ದುಃಖವನ್ನು ಕೇಳುವಂಥದು. ಇನ್ನೊಂದು, ದಾರಿಯನ್ನು ತೋರಿಸುವಂಥದು. ಮೊದಲನೆಯದರ ಕಥೆಯು ಹೆಣ್ಣುಮಕ್ಕಳ ಶಾಲೆಯವರಾದ ನಾವು ವಿಶೇಷವಾಗಿ ತಿಳಿಯತಕ್ಕದ್ದಾಗಿದೆ. 1935ನೆಯ ಇಸವಿಯಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಾಡ್ ವಾರಾ ಎಂಬ ಎಳೆಯ ವಯಸ್ಸಿನ ಸಹಾಯಕ ಸಭಾಪಾಲಕರು ತಮ್ಮ ಮೊದಲನೆಯ ಶವಸಂಸ್ಕಾರವನ್ನು ನಡಿಸಬೇಕಾಗಿ ಬಂತು. ಮೃತಳಾದವಳು ಹದಿಹರೆಯದ ಒಬ್ಬ ಹುಡುಗಿ. ಹೆಣ್ಣಾದವಳಿಗೆ ಪ್ರಾಯಕ್ಕೆ ಬಂದಾಗ ಸಹಜವಾಗಿ ಆಗತಕ್ಕದ್ದನ್ನೇ ಅವಳು ನಾಚಿಕೆಗೇಡಿನ ರೋಗವೆಂದು ಭಾವಿಸಿ, ಕೇಳಲು ಯಾರೂ ಇಲ್ಲದೆ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದಳು. ಆ ಮನೆಯಲ್ಲಿಯೂ ಆ ಬೀದಿಯಲ್ಲಿಯೂ ಇದ್ದ ಹೆಂಗಸರಲ್ಲಿ ಯಾರಾದರೂ ಒಂದೇ ಮಾತಿನಲ್ಲಿ ಅವಳ ಭಯವನ್ನು ಪರಿಹರಿಸಬಹುದಾಗಿತ್ತು.

ವಾರಾ ಅವರು ಆ ಸಮಾಧಿಯನ್ನು ಮರೆಯಲಿಲ್ಲ. 1953ನೆಯ ನವೆಂಬರ್ 2ರಂದು ಲಂಡನಿನ ವಾಲ್‌ಬ್ರುಕ್ ಬೀದಿಯ ಸಂತ ಸ್ತೆಫನನ ದೇವಾಲಯದಲ್ಲಿ ಟೆಲಿಫೋನಿನ ಬಳಿ ಕುಳಿತು, ಬದುಕನ್ನು ಬೇಸತ್ತವರ ಕರೆಗಳಿಗೆ ಉತ್ತರ ಕೊಡಲು ತೊಡಗಿದರು. ಒಂದು ವೃತ್ತಪತ್ರಿಕೆಯು ಅವರನ್ನು ಟೆಲಿಫೋನಿನ ಸಮಾರ್ಯದವರೆಂದು ಕರೆಯಿತು. ಆ ಹೆಸರೇ ಸಂಸ್ಥೆಗೆ ನಿಂತಿತು. ಅಲ್ಲಿ ಇನ್ನೊಂದು ಸಂಗತಿ ನಡೆಯಿತು. ತಮ್ಮ ಸರದಿಗಾಗಿ ಕಾದು ಕುಳಿತವರಿಗೆ ಚಹಾ ಕೊಡಲೆಂದು ಕೆಲವು ಮಂದಿ ಸಾಧಾರಣ ಜನರು ಬರುತ್ತಿದ್ದರು. ಕಾದಿದ್ದವರಲ್ಲಿ ಅನೇಕರು ಇವರೊಡನೆಯೇ ತಮ್ಮ ಮನಸ್ಸನ್ನು ಬಿಚ್ಚಿ ಹೇಳಿಕೊಂಡು, ಬೋಧಕರನ್ನು ಕಾಣದೆಯೇ ಹಗುರವಾಗಿ ಹೊರಟುಹೋಗುವುದನ್ನು ವಾರಾ ಅವರು ಗಮನಿಸಿದರು. 1954ನೆಯ ಫೆಬ್ರವರಿಯಲ್ಲಿ ಕರೆಗಳಿಗೆ ಉತ್ತರ ಕೊಡುವ ಕೆಲಸವನ್ನು ಅವರು ಆ ಚಹಾ ಕೊಡುವವರಿಗೇ ಒಪ್ಪಿಸಿಬಿಟ್ಟರು. ನಮ್ಮ ದೇಶದಲ್ಲಿ 1986ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಸ್ನೇಹಾ ಎಂಬ ಸಂಸ್ಥೆಯು ಇದೇ ಜಾತಿಯದು. 2022ನೆಯ ಅಕ್ಟೋಬರ್ 10ರಂದು ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಆಧಾರ; ಅದರ ಸಂಖ್ಯೆ 14416.

ಕೇಳಿಸಿಕೊಳ್ಳುವುದರಿಂದಲೇ ತೀರುವ ಕಷ್ಟಗಳು ಕೆಲವು. ಬಾಡಿಗೆ ಕಟ್ಟಲಾರದ ವಿಧವೆಗೆ, ಗಂಡನ ಹೊಡೆತಕ್ಕೆ ಹೆದರಿ ಮಗುವಿನೊಡನೆ ಹೊರಬಂದವಳಿಗೆ, ಮತಿ ಮಂಕಾದ ಮುದುಕ ತಂದೆಯನ್ನು ನೋಡಿಕೊಳ್ಳುವವಳಿಗೆ ಬರೀ ಸಂತಾಪದ ಮಾತು ಸಾಲದು. ಇಂಥವರಿಗಾಗಿ ದಾರಿ ತೋರಿಸುವ ಸೇವೆಯು ಬೇಕು. 1887ರಲ್ಲಿ ಅಮೇರಿಕಾ ದೇಶದ ಡೆನ್ವರ್ ಪಟ್ಟಣದಲ್ಲಿ ಫ್ರಾನ್ಸಿಸ್ ಜೇಕಬ್ಸ್ ಎಂಬ ಯೆಹೂದ್ಯ ಮಹಿಳೆಯೂ ಹಲವು ಮತಗಳ ಬೋಧಕರೂ ಕೂಡಿ, ಊರಿನ ಧರ್ಮಸಂಸ್ಥೆಗಳಿಗೆಲ್ಲಾ ಒಂದೇ ಸಾರಿ ಹಣವನ್ನು ಎತ್ತಿ ಹಂಚುವುದೆಂದೂ, ಕಷ್ಟದಲ್ಲಿರುವವರನ್ನು ತಕ್ಕ ಸಂಸ್ಥೆಗೆ ಕಳುಹಿಸುವುದೆಂದೂ ಏರ್ಪಾಡು ಮಾಡಿದರು. ದಾರಿ ತೋರಿಸುವುದೂ ಛತ್ರದವನ ಕೈಗೆ ನಾಣ್ಯ ಕೊಡುವುದೂ ಒಂದೇ ಕೆಲಸದ ಎರಡು ಕೈಗಳೆಂದು ಅವರಿಗೆ ಮೊದಲೇ ತಿಳಿದಿತ್ತು. ಆ ಏರ್ಪಾಡಿನಿಂದ ಬೆಳೆದದ್ದೇ ಯುನೈಟೆಡ್ ವೇ ಎಂಬ ಸಂಸ್ಥೆ. ಅದರ ಅಟ್ಲಾಂಟಾ ಶಾಖೆಯು 1997ರಲ್ಲಿ 211 ಎಂಬ ಮೂರಂಕಿಯ ಸಹಾಯವಾಣಿಯನ್ನು ತೆರೆಯಿತು. 2000ನೆಯ ಇಸವಿಯಲ್ಲಿ ಆ ದೇಶದ ಸಂಪರ್ಕ ಆಯೋಗವು ಅದೇ ಸಂಖ್ಯೆಯನ್ನು ಇಡೀ ದೇಶಕ್ಕೆ ಈ ಕಾರ್ಯಕ್ಕಾಗಿ ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಇದಕ್ಕಿಂತ ಬಹು ಮುಂಚೆ, ಯುದ್ಧವು ಸಾರಲ್ಪಟ್ಟ ಮರುದಿನವೇ, ಅಂದರೆ 1939ನೆಯ ಸೆಪ್ಟೆಂಬರ್ 4ರಂದು, ನಾಗರಿಕರಿಗೆ ಸಲಹೆ ಕೊಡುವ 200 ಕಚೇರಿಗಳು ಬಾಗಿಲು ತೆರೆದಿದ್ದವು. ಬಾಂಬು ಬಿದ್ದ ಬೀದಿಗಳಿಗೆ ಕುದುರೆ ಸಾಗಿಸುವ ಬಂಡಿಯೊಂದರಲ್ಲಿಯೇ ಕಚೇರಿಯನ್ನು ಕೊಂಡೊಯ್ದದ್ದೂ ಉಂಟು.

ಇಂಥ ಸೇವೆಯಲ್ಲಿ ಟೆಲಿಫೋನು ದೊಡ್ಡದಲ್ಲ, ಪಟ್ಟಿಯೇ ದೊಡ್ಡದು. ಯಾವ ಸಂಸ್ಥೆಯು ಎಲ್ಲಿ ಇದೆ, ಯಾರನ್ನು ಸೇರಿಸಿಕೊಳ್ಳುತ್ತದೆ, ಯಾರನ್ನು ಸೇರಿಸಿಕೊಳ್ಳುವುದಿಲ್ಲ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ, ಯಾವ ಕಾಗದಪತ್ರಗಳನ್ನು ಕೇಳುತ್ತದೆ, ಯಾವ ಭಾಷೆಯನ್ನು ಆಡುತ್ತದೆ, ಇವೆಲ್ಲವೂ ಆ ಪಟ್ಟಿಯಲ್ಲಿ ಇರಬೇಕು. ಪ್ರತಿಯೊಂದು ವಿವರವನ್ನೂ ವರುಷಕ್ಕೆ ಒಂದಾವರ್ತಿಯಾದರೂ ಆ ಸಂಸ್ಥೆಯವರನ್ನೇ ಕೇಳಿ ತಿದ್ದಬೇಕೆಂಬುದು 211ರವರು ಅನುಸರಿಸುವ ನಿಯಮ. ಇದು ಬೇಸರದ ಕೆಲಸ. ಇದನ್ನು ಮಾಡುವವರ ಚಿತ್ರವು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೆ ಇದನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು. ಕೆಲವು ವರುಷಗಳ ಹಿಂದೆ ಒಬ್ಬ ತಾಯಿಯು ಮಗಳೊಡನೆ ನನ್ನಲ್ಲಿಗೆ ಬಂದು ರಾತ್ರಿ ಇರಲು ಸ್ಥಳವನ್ನು ಕೇಳಿದಳು. ಅಚ್ಚಾದ ಹಳೆಯ ಪುಸ್ತಕವೊಂದನ್ನು ನೋಡಿ ಒಂದು ಆಶ್ರಯಗೃಹದ ವಿಳಾಸವನ್ನು ಬರೆದುಕೊಟ್ಟು, ದೊಡ್ಡ ಉಪಕಾರ ಮಾಡಿದೆನೆಂದು ಎಣಿಸಿಕೊಂಡೆನು. ಅವರು ಎರಡು ಬಸ್ಸು ಹತ್ತಿ ಇಳಿದು ಅಲ್ಲಿಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ಆ ಗೃಹವು ಹಿಂದಿನ ವರುಷವೇ ಮುಚ್ಚಿಹೋಗಿತ್ತು. ಇದನ್ನು ಬಹು ದಿನಗಳ ಮೇಲೆ ಬೇರೆಯವರಿಂದ ಕೇಳಿದೆನು. ಆ ತಾಯಿಯು ನನ್ನ ಬಳಿಗೆ ತಿರುಗಿ ಬರಲಿಲ್ಲ. ಏಕೆ ಬಂದಾಳು?

ಅನುಭವವುಳ್ಳ ಸಹಾಯವಾಣಿಯವರು ಸಂಖ್ಯೆಯನ್ನು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ವಿದ್ಯುಚ್ಛಕ್ತಿಯ ಬಿಲ್ಲನ್ನು ಕಟ್ಟಲಾರೆನೆಂದು ಕರೆದವಳನ್ನು ಮೆಲ್ಲಗೆ ವಿಚಾರಿಸಿದರೆ, ಗಂಡನಿಗೆ ಕೆಲಸ ಹೋದದ್ದೂ ಅತ್ತೆಯ ಔಷಧಿ ನಿಂತದ್ದೂ ಹೊರಗೆ ಬರುತ್ತದೆ. ಆಗ ಎರಡು ಮೂರು ಸಂಸ್ಥೆಗಳನ್ನು ಹೇಳಬೇಕಾಗುತ್ತದೆ. ಅವಳು ಹೆದರಿದವಳಾದರೆ ಸಹಾಯವಾಣಿಯವರು ತಾವೇ ಆ ಸಂಸ್ಥೆಗೆ ಕರೆ ಮಾಡಿ, ಇಬ್ಬರನ್ನೂ ಮಾತನಾಡಿಸಿ, ಆ ಬಳಿಕ ಬಿಡುತ್ತಾರೆ. ಕೆಲವು ದಿನಗಳಾದ ಮೇಲೆ ಏನಾಯಿತೆಂದು ಕೇಳುವುದೂ ಉಂಟು. ಕೊಡಲು ಯಾವ ಸಂಸ್ಥೆಯೂ ಇಲ್ಲದೆ ಹೋದರೆ ಅದನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಇಂಥ ಬರಹಗಳು ಕೂಡುತ್ತಾ ಬಂದರೆ ಊರಿನಲ್ಲಿ ಏನು ಕೊರತೆ ಎಂಬುದು ಪ್ರಕಟವಾಗುತ್ತದೆ.

ನಮ್ಮ ದೇಶದಲ್ಲಿ ಈ ಬಗೆಯ ಸೇವೆಯು ಮಕ್ಕಳಿಂದಲೇ ಬೆಳೆಯಿತೆನ್ನಬಹುದು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಅವರು ರೈಲುನಿಲ್ದಾಣಗಳಲ್ಲಿ ಮಲಗುವ ಮಕ್ಕಳ ಪರಿಚಯ ಮಾಡಿಕೊಂಡಿದ್ದರು. ಮಕ್ಕಳು ಕಷ್ಟ ಬಂದಾಗ ರಾತ್ರಿಯ ಹೊತ್ತಿನಲ್ಲಿಯೂ ಅವರಿಗೇ ಟೆಲಿಫೋನು ಮಾಡುತ್ತಿದ್ದರು. ಇದರಿಂದ 1996ರಲ್ಲಿ 1098 ಎಂಬ ಸಹಾಯವಾಣಿಯು ಹುಟ್ಟಿತು. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತಾ ಬರುವ ಆ ಸಂಖ್ಯೆಯನ್ನು ಓದು ಬಾರದ ಮಗುವೂ ನೆನಪಿನಲ್ಲಿ ಇಟ್ಟುಕೊಳ್ಳಬಲ್ಲುದು. ಕರೆಯನ್ನು ತೆಗೆದುಕೊಂಡವರು ಒಬ್ಬರಾದರೂ ಮಗುವಿನ ಬಳಿಗೆ ಓಡಿ ಹೋಗುತ್ತಿದ್ದವರು ಆ ಆ ಊರಿನ ಸಂಸ್ಥೆಗಳವರು. ಬೆಂಗಳೂರಿನಲ್ಲಿ 1980ರಿಂದ ಬೀದಿಯ ಮಕ್ಕಳ ನಡುವೆ ಕೆಲಸ ಮಾಡುತ್ತಿರುವ ಬೆಂಗಳೂರು ಓಣಿಯವರ ಸೇವಾ ಕೂಟದಂಥ ಸಂಸ್ಥೆಗಳು ಇಲ್ಲದಿದ್ದರೆ ಆ ನಾಲ್ಕು ಅಂಕಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತಿದ್ದವು. 2023ರಲ್ಲಿ 1098ರ ಆಡಳಿತವನ್ನು ಸರಕಾರವು ತನ್ನ ಕೈಗೆ ತೆಗೆದುಕೊಂಡು, 112 ಎಂಬ ತುರ್ತು ಸಂಖ್ಯೆಯೊಡನೆ ಜೋಡಿಸಿ, ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಗಳಿಗೆ ಒಪ್ಪಿಸಿತು. ಹೆಂಗಸರಿಗಾಗಿ 181, ವೃದ್ಧರಿಗಾಗಿ 14567, ಕಾನೂನಿನ ನೆರವಿಗಾಗಿ 15100 ಎಂಬ ಸಂಖ್ಯೆಗಳೂ ಇವೆ.

ತಾಯಿತಂದೆಗಳು ತಿಳಿಯಬೇಕಾದ ಒಂದು ಮಾತುಂಟು. ದಿಕ್ಕಿಲ್ಲದ ಮಗುವು ಕಣ್ಣಿಗೆ ಬಿದ್ದಾಗ, ನಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಸಾಕೋಣವೆಂದು ದಯಾಳುಗಳಿಗೆ ತೋರುವುದು ಸಹಜ. 2015ರ ಬಾಲನ್ಯಾಯ ಕಾಯಿದೆಯು ಇದಕ್ಕೆ ಎಡೆಗೊಡುವುದಿಲ್ಲ. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳನ್ನು ಇಟ್ಟುಕೊಳ್ಳುವ ಗೃಹಗಳೂ ನೋಂದಾಯಿತವಾಗಿರಬೇಕು. ಈ ಕಟ್ಟಳೆಯು ಕಠಿನವೆಂದು ಕೆಲವರು ಗೊಣಗುತ್ತಾರೆ. ದಯೆಯ ವೇಷವನ್ನು ಹಾಕಿಕೊಂಡು ಮಕ್ಕಳನ್ನು ಮನೆಗೆಲಸಕ್ಕೆ ಒಯ್ಯುವವರೂ ಇರುವುದರಿಂದ ಇದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಇನ್ನು ಛತ್ರದವನ ಪಾಡನ್ನು ಹೇಳುತ್ತೇನೆ. ಊರಿನ ಸಣ್ಣ ಸೇವಾಸಂಸ್ಥೆಗಳಲ್ಲಿ ಕೆಲವಕ್ಕೆ ಬಾಡಿಗೆಯ ಎರಡು ಕೋಣೆ, ಮೂರು ನಾಲ್ಕು ಕೆಲಸಗಾರರು, ಒಂದು ಟೆಲಿಫೋನು, ಇಷ್ಟೇ ಆಸ್ತಿ. ಸಹಾಯವಾಣಿಯು ಹೆಸರುವಾಸಿಯಾದಷ್ಟೂ ಇವರ ಬಾಗಿಲಿಗೆ ಬರುವವರು ಹೆಚ್ಚುತ್ತಾರೆ. ಹಾಸಿಗೆಗಳು ಮಾತ್ರ ಅಷ್ಟೇ ಇರುತ್ತವೆ. ಹಬ್ಬದ ದಿನ ಊಟ ಹಾಕಿಸುವವರೂ ಹಳೆಯ ಬಟ್ಟೆ ತರುವವರೂ ಬೇಕಾದಷ್ಟು ಮಂದಿ ಇದ್ದಾರೆ. ಕ್ರಿಸ್ಮಸ್ ಕಾಲದಲ್ಲಿ ನಾವೂ ಅದನ್ನೇ ಮಾಡಿದ್ದೇವೆ. ಜೂನ್ ತಿಂಗಳ ಬಾಡಿಗೆಗೆ, ರಾತ್ರಿ ಕಾವಲಿರುವ ಹೆಂಗಸಿನ ಸಂಬಳಕ್ಕೆ, ಲೆಕ್ಕ ಬರೆಯುವವನ ಕೂಲಿಗೆ ಹಣ ಕೊಡುವವರು ಸಿಕ್ಕುವುದು ಕಷ್ಟ. ಸಮಾರ್ಯದವನು ತನ್ನ ಎರಡು ನಾಣ್ಯಗಳನ್ನು ಇಂಥದ್ದಕ್ಕೇ ಖರ್ಚು ಮಾಡೆಂದು ಛತ್ರದವನಿಗೆ ಕಟ್ಟುಮಾಡಲಿಲ್ಲವೆಂಬುದನ್ನು ಗಮನಿಸಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಲೆಕ್ಕ ಬಲ್ಲವರೂ ದಾದಿಯರೂ ವಕೀಲರೂ ಇದ್ದಾರೆ; ತಿಂಗಳಿಗೆ ಒಂದು ಮಧ್ಯಾಹ್ನವನ್ನು ಕೊಟ್ಟರೂ ಇವರಿಗೆ ಅದು ದೊಡ್ಡ ಬಲ.

ನಮ್ಮ ಊರಿಗೂ ಸುತ್ತಲ ಹಳ್ಳಿಗಳಿಗೂ ಇಂಥ ಒಂದು ಪಟ್ಟಿಯನ್ನು ಹಳೆಯ ವಿದ್ಯಾರ್ಥಿನಿಯರ ಸಂಘವು ಬರೆಯಬಹುದೆಂದು ಸೂಚಿಸುತ್ತೇನೆ. ಅಚ್ಚುಹಾಕಿಸುವುದು ಬೇಡ, ತಿದ್ದಲು ಬರುವ ಪುಸ್ತಕವೇ ಸಾಕು. ಇಬ್ಬಿಬ್ಬರಾಗಿ ಆ ಆ ಸಂಸ್ಥೆಗಳಿಗೆ ಹೋಗಿ ಕಣ್ಣಾರೆ ನೋಡಿ ಬರೆಯಿರಿ. ಬರೆದ ದಿನಾಂಕವನ್ನೂ ಬರೆದವಳ ಹೆಸರನ್ನೂ ಹಾಕಿರಿ. ಪ್ರತಿಯೊಂದು ಸಂಖ್ಯೆಗೂ ಹಗಲು ಒಂದು ಸಾರಿ, ರಾತ್ರಿ ಹತ್ತು ಗಂಟೆಯ ಮೇಲೆ ಒಂದು ಸಾರಿ ಕರೆ ಮಾಡಿ, ಯಾರು ಉತ್ತರ ಕೊಟ್ಟರೆಂದು ಗುರುತಿಸಿರಿ. ಪುಸ್ತಕದ ಕೊನೆಯಲ್ಲಿ ಕೆಲವು ಪುಟಗಳನ್ನು ಖಾಲಿ ಬಿಡಬೇಕು. ಯಾರಾದರೂ ಬಂದು ಕೇಳಿದ ಸಹಾಯವು ನಮ್ಮ ಊರಿನಲ್ಲಿ ಎಲ್ಲಿಯೂ ಸಿಕ್ಕದೆ ಹೋದರೆ ಅದನ್ನು ಅಲ್ಲಿ ಬರೆಯತಕ್ಕದ್ದು.