ಮುಹೂರ್ತಕ್ಕಿಂತ ಮೊದಲು ಮನೆ ನೋಡಿ

ಫ್ಲ್ಯಾಟ್ ಕೈಗೆ ಬರುವ ಹೊತ್ತಿಗೆ ಬಹಳ ಜನ ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿ ಕಾರ್ಡೂ ಹಂಚಿರುತ್ತಾರೆ. ಆಗ ಬಿಲ್ಡರ್ ಕಡೆಯವರು ‘ಸಣ್ಣಪುಟ್ಟದ್ದು ಆಮೇಲೆ ಮಾಡಿಕೊಡ್ತೀವಿ’ ಎಂದರೆ ತಲೆಯಾಡಿಸದೆ ವಿಧಿಯಿಲ್ಲ. ದಯವಿಟ್ಟು ಮನೆ ನೋಡಿದ ಮೇಲೆ ಪುರೋಹಿತರನ್ನು ಕೇಳಿ.

ಗೋಡೆಯ ಬಣ್ಣಕ್ಕಿಂತ ಮೊದಲು ನೀರಿನ ಕಡೆ ಗಮನ ಕೊಡಿ. ಬಚ್ಚಲಿನ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯ ಚಾವಣಿ ನೋಡಿ. ಒದ್ದೆಯಾಗಿದ್ದರೆ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಬಟ್ಟೆ ತೆಗೆದ ಮೇಲೂ ಮೂಲೆಯಲ್ಲಿ ನೀರು ಉಳಿದರೆ ಇಳಿಜಾರು ತಪ್ಪಿದೆ. ಎರಡಕ್ಕೂ ಟೈಲ್ಸ್ ಕೀಳಬೇಕಾಗಬಹುದು. ಮಕ್ಕಳು ಮರಿ ಬಂದು ವಾಸ ಶುರುವಾದ ಮೇಲೆ ಆ ಕೆಲಸ ನರಕ. ಟೈಲ್ಸನ್ನು ನಾಣ್ಯದಿಂದ ತಟ್ಟಿ: ಟೊಳ್ಳು ಸದ್ದು ಬಂದಲ್ಲಿ ಅಡಿಯ ಗಾರೆ ಸರಿಯಾಗಿ ಕೂತಿಲ್ಲ. ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಕಂಬ, ಬೀಮಿನಲ್ಲಿ ಬಿರುಕು ಕಂಡರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಕಂಡದ್ದನ್ನೆಲ್ಲ ಫೋಟೊ ಸಮೇತ ಇಮೇಲ್ ಮಾಡಿ. ಸೈಟ್ ಎಂಜಿನಿಯರ್ ಎಷ್ಟೇ ಒಳ್ಳೆಯವರಿರಲಿ, ಬಾಯಿಮಾತು ಸಾಲದು. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ಗಮನಕ್ಕೆ ತಂದ ಕಟ್ಟಡದ ಅಥವಾ ಕೆಲಸದ ದೋಷವನ್ನು ಬಿಲ್ಡರ್ 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ‘ಎಲ್ಲ ಸರಿಯಿದೆ, ತಕರಾರಿಲ್ಲ’ ಎಂಬ ಪತ್ರಕ್ಕೆ ಸಹಿ ಕೇಳಿದರೆ, ಬಾಕಿ ಕೆಲಸಗಳನ್ನು ಅದೇ ಹಾಳೆಯಲ್ಲಿ ಬರೆದು, ಆಮೇಲೆ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.